ಜಾರ್ಜ್ ಬೆನ್ನಿಗೆ ನಿಂತ ಹುಡುಗರು

ಮಹಾನಗರವೊಂದರಲ್ಲಿ ಮಾತುಬಲ್ಲ ರಾಜಕಾರಣಿಯೊಬ್ಬ ಎದ್ದುನಿಂತು ದೊಡ್ಡವರನ್ನು ಹೆಸರು ಹಿಡಿದು ಪ್ರಶ್ನಿಸತೊಡಗಿದರೆ ಅವನ ಹಿಂದೆ ತರುಣರ ದಂಡು ಕಟ್ಟುವುದು ಹೊಸದೇನಲ್ಲ. 2025ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಚುನಾವಣೆಯಲ್ಲಿ 34 ವರ್ಷದ ಜೊಹ್ರಾನ್ ಮಮ್ದಾನಿ ಮಾಜಿ ಗವರ್ನರ್ ಒಬ್ಬರನ್ನು ಸೋಲಿಸಿದರು. ಆಗ ಅವರಿಗಾಗಿ ಮನೆಮನೆಯ ಬಾಗಿಲು ತಟ್ಟಿದ ಹುಡುಗ ಹುಡುಗಿಯರ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅಂಥದೇ ಒಂದು ಪ್ರಸಂಗ ಸುಮಾರು ಆರು ದಶಕಗಳ ಹಿಂದೆ ನಮ್ಮ ನೆರೆಯ ಮುಂಬಯಿಯಲ್ಲೇ ನಡೆದಿತ್ತು. ಅದರ ನಾಯಕ ಮಂಗಳೂರಿನವರು. ಹೆಸರು ಜಾರ್ಜ್ ಫರ್ನಾಂಡಿಸ್.

ಜಾರ್ಜ್ ಎಂದೊಡನೆ ನೆನಪಾಗುವುದು ಬೇಡಿ ತೊಟ್ಟ ಕೈ ಎತ್ತಿ ನಿಂತ ಆ ಛಾಯಾಚಿತ್ರ. ಆಮೇಲೆ 1974ರ ರೈಲ್ವೆ ಮುಷ್ಕರ, ಕೋಕಾಕೋಲಾ ದೇಶ ಬಿಟ್ಟುಹೋದದ್ದು, ಕೊಂಕಣ ರೈಲು, ಕೊನೆಗೆ ರಕ್ಷಣಾ ಮಂತ್ರಿಯ ಕುರ್ಚಿ. ಅವರ ಬಗ್ಗೆ ಬರೆದದ್ದು ಬಹಳ. ಆದರೆ ಅವರ ಹಿಂದೆ ನಡೆದ ತರುಣರ ಬಗ್ಗೆ ಬರೆದದ್ದು ಕಡಿಮೆ. ಆ ಹುಡುಗರು ಯಾರು? ಏಕೆ ಹಿಂಬಾಲಿಸಿದರು? ನಾಯಕ ದಾರಿ ಬದಲಿಸಿದಾಗ ಅವರ ಕೈಯಲ್ಲಿ ಉಳಿದದ್ದೇನು? ಹಿಂಬಾಲಕರ ಕಡೆಯಿಂದ ನೋಡಿದರೆ ಈ ಇತಿಹಾಸ ಬೇರೆಯಾಗಿಯೇ ಕಾಣುತ್ತದೆ.

ಸೆಮಿನರಿಯಿಂದ ಚೌಪಾಟಿಗೆ

ಜಾರ್ಜ್ ಹುಟ್ಟಿದ್ದು 1930ರ ಜೂನ್ 3ರಂದು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್ ಹುಟ್ಟಿದ ದಿನವೂ ಅದೇ ಆದ್ದರಿಂದ ತಾಯಿ ಆ ಹೆಸರಿಟ್ಟರು. ಹಿರಿಯ ಮಗ ಪಾದ್ರಿಯಾಗಲಿ ಎಂದು ಮನೆಯವರು 1946ರಲ್ಲಿ ಅವರನ್ನು ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿಗೆ ಕಳಿಸಿದರು. ಎರಡು ವರ್ಷಕ್ಕೇ ಹುಡುಗ ಅಲ್ಲಿಂದ ಹೊರಬಂದ. ಮಂಗಳೂರಿನಲ್ಲಿ ಹೋಟೆಲು ಮತ್ತು ಸಾರಿಗೆ ಕೆಲಸಗಾರರ ಸಂಘಟನೆಗೆ ಕೈಹಚ್ಚಿದ. 'ರೈತವಾಣಿ' ಎಂಬ ಕನ್ನಡ ವಾರಪತ್ರಿಕೆಯನ್ನೂ 'ಕೊಂಕಣಿ ಯುವಕ' ಎಂಬ ಮಾಸಿಕವನ್ನೂ 1949ರಲ್ಲಿ ಸಂಪಾದಿಸಿದ. ಅದೇ ವರ್ಷ ಮುಂಬಯಿಗೆ ಹೊರಟ.

ಕರಾವಳಿಯ ಹುಡುಗರು ಮುಂಬಯಿಗೆ ಹೋಗುವುದು ಆಗ ಸಾಮಾನ್ಯ ಸಂಗತಿ. ಹಗಲು ಹೋಟೆಲಿನಲ್ಲಿ ದುಡಿತ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅದೇ ಮೇಜುಗಳ ಮೇಲೆ ನಿದ್ದೆ, ಛಲವಿದ್ದವರಿಗೆ ಕನ್ನಡ ರಾತ್ರಿ ಶಾಲೆ. ಜಾರ್ಜ್ ಪಾಡು ಇನ್ನೂ ಕಷ್ಟದ್ದು. ಕೆಲಸ ಸಿಗುವವರೆಗೆ ಚೌಪಾಟಿಯ ಕಡಲದಂಡೆಯಲ್ಲಿ, ಫುಟ್‌ಪಾತಿನಲ್ಲಿ ಮಲಗಿದರು. ಆಮೇಲೆ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಅಲ್ಲಿ ಅವರಿಗೆ ಇಬ್ಬರು ಗುರುಗಳು ದೊರೆತರು. ವಿಚಾರಕ್ಕೆ ರಾಮಮನೋಹರ ಲೋಹಿಯಾ. ಕಾರ್ಮಿಕ ಸಂಘಟನೆಯ ಪಟ್ಟುಗಳಿಗೆ ಬಂದರು ಕಾರ್ಮಿಕರ ಧುರೀಣ ಪ್ಲಾಸಿಡ್ ಡಿಮೆಲ್ಲೊ. ಡಿಮೆಲ್ಲೊ 1958ರಲ್ಲಿ ತೀರಿಕೊಂಡರು. ಮುಂಬಯಿ ಬಂದರಿನ ಉದ್ದಕ್ಕೂ ಹಾದುಹೋಗುವ ರಸ್ತೆಗೆ ಇಂದಿಗೂ ಅವರದೇ ಹೆಸರು.

ಗೇಟ್ ಸಭೆಯ ಪಾಠ

ಮುಂಬಯಿ ಎಂದರೆ ಆಗ ಬಟ್ಟೆ ಗಿರಣಿಗಳ ಊರು. ಲಕ್ಷಗಟ್ಟಲೆ ಗಿರಣಿ ಕಾರ್ಮಿಕರಿದ್ದ ಊರಿನಲ್ಲಿ ಜಾರ್ಜ್ ಗಿರಣಿಗಳನ್ನು ಬಿಟ್ಟು ಬೇರೆಡೆ ಏಕೆ ನೆಲೆಯೂರಿದರು ಎಂಬ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಕಾರಣ ಒಂದು ಕಾನೂನು. ಮುಂಬಯಿ ಕೈಗಾರಿಕಾ ಸಂಬಂಧಗಳ 1946ರ ಕಾಯಿದೆಯ ಪ್ರಕಾರ ಒಂದು ಪ್ರದೇಶದಲ್ಲಿ ಒಂದು ಉದ್ದಿಮೆಗೆ ಒಂದೇ ಮಾನ್ಯ ಕಾರ್ಮಿಕ ಸಂಘ. ಬಟ್ಟೆ ಗಿರಣಿಗಳಲ್ಲಿ ಆ ಮಾನ್ಯತೆ ಕಾಂಗ್ರೆಸ್ಸಿನ ಕಡೆಯ ಸಂಘದ ಕೈಯಲ್ಲಿ ಭದ್ರವಾಗಿತ್ತು. ಹೀಗಾಗಿ ಸಮಾಜವಾದಿಗಳು ಕಾಲಿಟ್ಟದ್ದು ಬಂದರು, ನಗರಸಭೆ, ಬಸ್ಸು, ಟ್ಯಾಕ್ಸಿ, ಹೋಟೆಲು ಇಂಥ ಕಡೆಗಳಲ್ಲಿ.

ಅಡ್ಡಿಯೆಂದು ಕಂಡದ್ದು ಕೊನೆಗೆ ಅನುಕೂಲವೇ ಆಯಿತು. ಗಿರಣಿ ನಿಂತರೆ ಮಾಲೀಕನಿಗೆ ನಷ್ಟ. ಆದರೆ ಕಸ ಎತ್ತುವವನು, ಬಸ್ಸು ಓಡಿಸುವವನು, ಟ್ಯಾಕ್ಸಿಯವನು ಒಂದೇ ದಿನ ಕೈಕಟ್ಟಿ ಕುಳಿತರೆ ಊರಿಗೆ ಊರೇ ನಿಂತುಹೋಗುತ್ತದೆ. 'ಮುಂಬಯಿ ಬಂದ್' ಎಂಬ ಮಾತಿಗೆ ತೂಕ ಬಂದದ್ದು ಹೀಗೆ. ಜಾರ್ಜ್‌ಗೆ 'ಬಂದ್ ಸಾಮ್ರಾಟ' ಎಂಬ ಬಿರುದು ಅಂಟಿಕೊಂಡದ್ದೂ ಹೀಗೆಯೇ. 1961ರಲ್ಲಿ ಅವರು ಮುಂಬಯಿ ನಗರಸಭೆಯ ಸದಸ್ಯರಾದರು. ಒಳಗೆ ಸದಸ್ಯ, ಹೊರಗೆ ಅದೇ ನಗರಸಭೆಯ ಕಾರ್ಮಿಕರ ಮುಂದಾಳು.

ಅವರ ಸುತ್ತ ಸೇರಿದ ತರುಣರಲ್ಲಿ ಮೂರು ಬಗೆಯವರಿದ್ದರು. ಮೊದಲನೆಯವರು ದುಡಿಯುವ ಹುಡುಗರೇ. ಎರಡನೆಯವರು ಮಹಾರಾಷ್ಟ್ರದಲ್ಲಿ 1941ರಲ್ಲಿ ಶುರುವಾದ ರಾಷ್ಟ್ರ ಸೇವಾ ದಳದ ಶಾಖೆಗಳಲ್ಲಿ ಬೆಳೆದ ಮಧ್ಯಮ ವರ್ಗದ ಮರಾಠಿ ತರುಣರು. ಮೂರನೆಯವರು ಲೋಹಿಯಾ ವಿಚಾರಗಳಿಗೆ ಮನಸೋತ ಕಾಲೇಜು ವಿದ್ಯಾರ್ಥಿಗಳು, ಬರಹಗಾರರು, ಪತ್ರಕರ್ತರು. ಇವರನ್ನೆಲ್ಲ ಒಂದು ಕಡೆ ಸೇರಿಸಿದ್ದು ಪಾಳಿ ಬದಲಾಗುವ ಹೊತ್ತಿಗೆ ಕೆಲಸದ ಬಾಗಿಲಲ್ಲೇ ನಡೆಯುತ್ತಿದ್ದ ಗೇಟ್ ಸಭೆ.

ಗೇಟ್ ಸಭೆಗೆ ವೇದಿಕೆ ಬೇಡ, ಹಾರ ತುರಾಯಿ ಬೇಡ. ಎತ್ತರದ ಒಂದು ಜಾಗ, ಗಟ್ಟಿ ಗಂಟಲು ಇದ್ದರೆ ಸಾಕು. ಕೇಳುವವನಿಗೆ ಮನೆಗೆ ಹೋಗುವ ಆತುರವಿರುತ್ತದೆ, ಆದ್ದರಿಂದ ಮಾತು ಚುಟುಕಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕೇಳುಗ ಅಲ್ಲೇ ಎದುರು ನಿಂತು ಪ್ರಶ್ನೆ ಹಾಕಬಹುದು. ಕೊಂಕಣಿ, ತುಳು, ಕನ್ನಡ, ಮರಾಠಿ, ಹಿಂದಿ, ತಮಿಳು ಮುಂತಾಗಿ ಹತ್ತರಷ್ಟು ಭಾಷೆ ಬಲ್ಲ ಜಾರ್ಜ್‌ಗೆ ಇದು ಹೇಳಿ ಮಾಡಿಸಿದ ಜಾಗ. ನಾನಾ ಕಡೆಯಿಂದ ಬಂದ ಕೆಲಸಗಾರರಿಗೆ ಅವರವರ ಮಾತಿನಲ್ಲೇ ಉತ್ತರ ಕೊಡಬಲ್ಲ ನಾಯಕರು ಆ ಊರಿನಲ್ಲೂ ವಿರಳ.

ಭಾಷಣ ಮುಗಿದ ಮೇಲಿನ ಕೆಲಸವೆಲ್ಲ ತರುಣರ ಪಾಲಿಗೆ. ಚಂದಾ ವಸೂಲಿ, ರಸೀದಿ ಬರೆಯುವುದು, ಅಮಾನತಾದ ಕೆಲಸಗಾರನಿಗೆ ಬಂದ ಆರೋಪಪತ್ರವನ್ನು ಓದಿ ಹೇಳಿ ಉತ್ತರ ಬರೆದುಕೊಡುವುದು, ಕಾರ್ಮಿಕ ಇಲಾಖೆಯ ಕಚೇರಿಗೆ ಅಲೆಯುವುದು, ರಾತ್ರಿ ಗೋಡೆಗೆ ಭಿತ್ತಿಪತ್ರ ಅಂಟಿಸುವುದು. ಮುಂಬಯಿಯ ಸಫಾಯಿ ಕೆಲಸಗಾರರಲ್ಲಿ ಹೆಚ್ಚಿನವರು ದಲಿತರು. ಅವರ ಚಾಳುಗಳಲ್ಲಿ ಕುಳಿತು ಚಹಾ ಕುಡಿದ ಮೇಲ್ಜಾತಿಯ ಹುಡುಗನಿಗೆ ಅದೇ ದೊಡ್ಡ ಪಾಠ. ಸಲಿಕೆ, ಜೈಲು, ಮತ ಈ ಮೂರೂ ರಾಜಕೀಯದ ಸಾಧನಗಳೆಂದು ಲೋಹಿಯಾ ಹೇಳುತ್ತಿದ್ದರು. ಪುಸ್ತಕದಲ್ಲಿ ಓದಿದ್ದ ಈ ಮಾತಿಗೆ ಕೈಕಾಲು ಮೂಡಿದ್ದು ಇಲ್ಲಿ. ತರುಣರನ್ನು ಜಾರ್ಜ್ ಹಿಡಿದಿಟ್ಟದ್ದು ಮಾತಿನಿಂದ ಮಾತ್ರವಲ್ಲ, ಅವರಿಗೆ ಮಾಡಲು ಕೆಲಸ ಕೊಟ್ಟದ್ದರಿಂದ.

ದೇವರೂ ಸೋಲಿಸಲಾರದ ಪಾಟೀಲರು

1967ರ ಲೋಕಸಭಾ ಚುನಾವಣೆ ಬಂತು. ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ ಅಭ್ಯರ್ಥಿ ಎಸ್.ಕೆ. ಪಾಟೀಲ್. ಮೂರು ಬಾರಿ ಮುಂಬಯಿ ಮೇಯರ್ ಆಗಿದ್ದವರು, ಕೇಂದ್ರದಲ್ಲಿ ರೈಲ್ವೆ ಮಂತ್ರಿ, 'ಮುಂಬಯಿಯ ಕಿರೀಟವಿಲ್ಲದ ದೊರೆ' ಎನಿಸಿಕೊಂಡವರು. ಅವರೆದುರು ಸಂಯುಕ್ತ ಸಮಾಜವಾದಿ ಪಕ್ಷದಿಂದ ನಿಂತ ಜಾರ್ಜ್‌ಗೆ ಆಗ 36 ವರ್ಷ.

ತಮ್ಮನ್ನು ದೇವರೂ ಸೋಲಿಸಲಾರ ಎಂಬ ಅರ್ಥದ ಮಾತು ಪತ್ರಕರ್ತರ ಮುಂದೆ ಪಾಟೀಲರ ಬಾಯಿಂದ ಬಂದಿತೆಂದು ಆ ಚುನಾವಣೆಯ ಕತೆ ಹೇಳುವವರೆಲ್ಲ ನೆನೆಯುತ್ತಾರೆ. ಜಾರ್ಜ್ ಬಳಗ ಅದನ್ನು ಬಿಡಲಿಲ್ಲ. ದೇವರಿಂದ ಆಗದಿದ್ದರೇನು, ನಿಮ್ಮಿಂದ ಪಾಟೀಲರನ್ನು ಸೋಲಿಸಲು ಆಗುತ್ತದೆ ಎಂದು ಮತದಾರನಿಗೆ ಹೇಳುವ ಭಿತ್ತಿಪತ್ರಗಳು ಊರ ತುಂಬ ಕಾಣಿಸಿಕೊಂಡವು. ಅಭ್ಯರ್ಥಿಯ ಗುಣಗಾನ ಅದರಲ್ಲಿರಲಿಲ್ಲ. ಅಧಿಕಾರ ನಿನ್ನ ಕೈಯಲ್ಲಿದೆ ಎಂದು ಮತದಾರನಿಗೇ ನೆನಪಿಸುವ ಮಾತು ಅದು. ಶೇಕಡಾ 48.5ರಷ್ಟು ಮತ ಪಡೆದು ಜಾರ್ಜ್ ಗೆದ್ದರು. ದೈತ್ಯಸಂಹಾರಿ ಎಂದು ಪತ್ರಿಕೆಗಳು ಹೊಗಳಿದವು.

ಗೆಲುವಿನ ಪೂರ್ತಿ ಲೆಕ್ಕವನ್ನು ತರುಣರ ಖಾತೆಗೆ ಬರೆಯುವಂತಿಲ್ಲ. ಮುಂಬಯಿ ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಚಳವಳಿಯನ್ನು ಪಾಟೀಲರು ವಿರೋಧಿಸಿದ್ದರು. ಆ ಚಳವಳಿಯಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ತೆತ್ತಿದ್ದರು. ಆ ಗಾಯ ಮರಾಠಿ ಮತದಾರರಲ್ಲಿ ಇನ್ನೂ ಹಸಿಯಾಗಿತ್ತು. ಬೆಲೆಯೇರಿಕೆ, ಆಹಾರದ ಅಭಾವಗಳಿಂದಾಗಿ ದೇಶದ ಹಲವೆಡೆ ಕಾಂಗ್ರೆಸ್ ಸೊರಗಿದ ವರ್ಷ ಅದು. ಆದರೆ ಈ ಅಸಮಾಧಾನವನ್ನೆಲ್ಲ ಒಟ್ಟುಗೂಡಿಸಿ ಮತಗಟ್ಟೆಯವರೆಗೆ ತಂದವರು ಸಂಘದ ಕಾರ್ಯಕರ್ತರು.

ಕನ್ನಡಿಗರಿಗೆ ಇಲ್ಲೊಂದು ನೆನಪು. ಅದೇ ಚುನಾವಣೆಯಲ್ಲಿ ಅದೇ ಪಕ್ಷದಿಂದ ಶಿವಮೊಗ್ಗದಲ್ಲಿ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದರು. 1951ರ ಕಾಗೋಡು ಸತ್ಯಾಗ್ರಹ, ಶಾಂತವೇರಿ ಗೋಪಾಲಗೌಡರ ಗರಡಿ, ಲೋಹಿಯಾರ ಭೇಟಿಗಳಿಂದ ಮಲೆನಾಡಿನಲ್ಲಿ ಬೆಳೆದ ಸಮಾಜವಾದಿ ತಲೆಮಾರಿಗೂ ಮುಂಬಯಿಯ ಈ ತರುಣರಿಗೂ ಬಳ್ಳಿ ಬೇರೆಯಾದರೂ ಬೇರು ಒಂದೇ.

ಅದೇ ಬೀದಿಯ ಇನ್ನೊಂದು ದಂಡು

ಈ ಗೆಲುವಿಗೆ ಎಂಟು ತಿಂಗಳ ಮೊದಲು, 1966ರ ಜೂನ್ 19ರಂದು, ಅದೇ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿತ್ತು. ಅಲ್ಲೂ ಒಬ್ಬ ಖಡಕ್ ಮಾತಿನ ನಾಯಕ, ಅಲ್ಲೂ ಸಾವಿರಾರು ತರುಣರು. ಮರಾಠಿ ಹುಡುಗರಿಗೆ ಸಿಗಬೇಕಾದ ಕೆಲಸವನ್ನು ದಕ್ಷಿಣದವರು ಕಸಿಯುತ್ತಿದ್ದಾರೆ ಎಂಬುದು ಬಾಳಾ ಠಾಕ್ರೆಯವರ ಮೊದಲ ದೂರು. ಲುಂಗಿ ಉಟ್ಟವರನ್ನು ಹಂಗಿಸುವ ಘೋಷಣೆಗಳು ಎದ್ದವು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ದಕ್ಷಿಣದಿಂದ ಬಂದ ಒಬ್ಬನನ್ನು ಮುಂಬಯಿ ಸಂಸತ್ತಿಗೆ ಕಳಿಸಿದ್ದೂ ದಕ್ಷಿಣದವರ ಮೇಲೆ ಕೈಯೆತ್ತಿದ್ದೂ ಒಂದೇ ಕಾಲದಲ್ಲಿ.

ಎರಡು ದಂಡುಗಳ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. ಸಮಾಜವಾದಿಗಳು ಸಂಘಟಿಸಿದ್ದು ಕೆಲಸ ಇದ್ದವರನ್ನು. ಶಿವಸೇನೆ ಕರೆದದ್ದು ಕೆಲಸ ಹುಡುಕುತ್ತಿದ್ದವರನ್ನು. ಸಂಘದ ಸದಸ್ಯನಾಗಲು ಮೊದಲು ನೌಕರಿ ಬೇಕು. ಚಾಳಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದ ಮೆಟ್ರಿಕ್ ಪಾಸಾದ ಹುಡುಗನಿಗೆ ಗೇಟ್ ಸಭೆಯಲ್ಲಿ ಜಾಗವಿರಲಿಲ್ಲ. ಅವನನ್ನು ಕರೆದು ಕೂರಿಸಿದ್ದು ಸೇನೆಯ ಶಾಖೆ. 1970ರಲ್ಲಿ ಪರೇಲ್ ಭಾಗದ ಕಮ್ಯುನಿಸ್ಟ್ ಶಾಸಕ ಕೃಷ್ಣ ದೇಸಾಯಿಯವರ ಕೊಲೆಯಾಗಿ, ಆ ಸ್ಥಾನದ ಮರುಚುನಾವಣೆಯಲ್ಲಿ ಶಿವಸೇನೆ ಗೆದ್ದಾಗ ಗಾಳಿ ತಿರುಗಿದ್ದು ಸ್ಪಷ್ಟವಾಯಿತು. 1971ರಲ್ಲಿ ಇಂದಿರಾ ಅಲೆಯಲ್ಲಿ ಜಾರ್ಜ್ ಕೂಡ ದಕ್ಷಿಣ ಮುಂಬಯಿಯಲ್ಲಿ ಸೋತರು. ಅವರ ಗಮನ ಆಮೇಲೆ ದೇಶದ ರೈಲ್ವೆ ಕಾರ್ಮಿಕರತ್ತ ಹೊರಳಿತು. ಆ ನಗರದಿಂದ ಮತ್ತೆಂದೂ ಅವರು ಲೋಕಸಭೆಗೆ ಬರಲಿಲ್ಲ.

ಬೆಲೆ ತೆತ್ತವರು

1974ರ ಮೇ 8ರಂದು ಸುಮಾರು 17 ಲಕ್ಷ ರೈಲ್ವೆ ನೌಕರರು ಕೆಲಸ ನಿಲ್ಲಿಸಿದರು. ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್ನಿನ ಅಧ್ಯಕ್ಷ ಜಾರ್ಜ್ ಆರು ದಿನ ಮೊದಲೇ ಬಂಧನದಲ್ಲಿದ್ದರು. ಸಾವಿರಾರು ಜನ ಜೈಲು ಸೇರಿದರು, ಸಾವಿರಾರು ಜನ ಕೆಲಸ ಕಳೆದುಕೊಂಡರು, ಹೆಂಡತಿ ಮಕ್ಕಳನ್ನು ರೈಲ್ವೆ ವಸತಿಗಳಿಂದ ಹೊರಗೆ ಹಾಕಿದ ಪ್ರಸಂಗಗಳೂ ನಡೆದವು. 20 ದಿನಗಳಲ್ಲಿ ಮುಷ್ಕರ ಮುರಿಯಿತು.

ಮರುವರ್ಷ ತುರ್ತುಪರಿಸ್ಥಿತಿ. 1975ರ ಜೂನ್ 25ರಂದು ಒಡಿಶಾದ ಗೋಪಾಲಪುರದಲ್ಲಿದ್ದ ಜಾರ್ಜ್ ತಲೆಮರೆಸಿಕೊಂಡರು. ಗಡ್ಡ, ಪೇಟದ ಸಿಖ್ ವೇಷದಲ್ಲಿ ಊರೂರು ತಿರುಗಿದರು. ಬರೋಡದ ಕಲ್ಲುಗಣಿಗಳ ಕಡೆಯಿಂದ ಸಿಗುವ ಡೈನಮೈಟ್ ಬಳಸಿ, ಜೀವಹಾನಿ ಆಗದಂತೆ, ರೈಲು ಹಳಿ, ಸೇತುವೆಗಳನ್ನು ಸಿಡಿಸಿ ಪ್ರತಿಭಟಿಸುವ ಯೋಜನೆ ಇತ್ತೆಂಬುದೇ ಬರೋಡ ಡೈನಮೈಟ್ ಮೊಕದ್ದಮೆ. 1976ರ ಜೂನ್ 10ರಂದು ಕಲ್ಕತ್ತೆಯಲ್ಲಿ ಜಾರ್ಜ್ ಸಿಕ್ಕಿಬಿದ್ದರು. ಒಟ್ಟು 25 ಮಂದಿ ಆರೋಪಿಗಳು. ಪತ್ರಕರ್ತರು, ಗಾಂಧಿವಾದಿಗಳು, ಉದ್ಯಮಿಗಳೂ ಅದರಲ್ಲಿದ್ದರು.

ಆದರೆ ಅತಿ ದೊಡ್ಡ ಬೆಲೆ ತೆತ್ತವರು ಬೆಂಗಳೂರಿನವರು. ಅಣ್ಣ ಎಲ್ಲಿದ್ದಾನೆ ಎಂದು ತಿಳಿಯಲು ತಮ್ಮ ಲಾರೆನ್ಸ್ ಅವರನ್ನು 1976ರ ಮೇ 1ರಂದು ಹಿಡಿದ ಪೊಲೀಸರು ಅಮಾನುಷವಾಗಿ ಹಿಂಸಿಸಿದರು. ಮರುದಿನವೇ ಬಂಧಿತರಾದ ಸ್ನೇಹಲತಾ ರೆಡ್ಡಿ 'ಸಂಸ್ಕಾರ' ಚಿತ್ರದ ನಟಿ, ಸಮಾಜವಾದಿ ಬಳಗದ ಗೆಳತಿ. ಮೊಕದ್ದಮೆಯ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ಇಟ್ಟರು. ಆಸ್ತಮಾ ಉಲ್ಬಣಿಸಿದ ಮೇಲೆ 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. ಐದು ದಿನಕ್ಕೆ ಅವರು ತೀರಿಕೊಂಡರು.

ಡೈನಮೈಟ್ ದಾರಿ ಸರಿಯೇ ಎಂಬ ವಾದ ಸಮಾಜವಾದಿಗಳಲ್ಲೇ ಇತ್ತು. ಅದಕ್ಕಿಂತ ಮುಖ್ಯವಾದುದು ನಾಯಕ ಹಿಂಬಾಲಕರ ನಡುವೆ ಆದ ಬದಲಾವಣೆ. ಗೇಟ್ ಸಭೆಯಲ್ಲಿ ಪ್ರಶ್ನೆ ಕೇಳುವುದೇ ಪದ್ಧತಿಯಾಗಿತ್ತು. ಭೂಗತ ಕೆಲಸದಲ್ಲಿ ಪ್ರಶ್ನೆ ಕೇಳುವುದೇ ಅಪಾಯ. ಅಲ್ಲಿ ನಂಬುವುದಷ್ಟೇ ಕೆಲಸ. ಸರ್ವಾಧಿಕಾರದ ವಿರುದ್ಧ ಹೋರಾಡಲು ಹೊರಟವರಿಗೆ, ತಮ್ಮ ನಾಯಕನನ್ನು ಪ್ರಶ್ನಿಸದೆ ನಂಬುವ ಅಭ್ಯಾಸವನ್ನು ಆ ಸರ್ವಾಧಿಕಾರವೇ ಕಲಿಸಿತು ಎನ್ನಬೇಕು.

ನಾಯಕ ದಾರಿ ಬದಲಿಸಿದಾಗ

1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಜಾರ್ಜ್ ಬಿಹಾರದ ಮುಜಫ್ಫರಪುರದಿಂದ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಅಭ್ಯರ್ಥಿ ಕ್ಷೇತ್ರಕ್ಕೆ ಕಾಲಿಡಲಿಲ್ಲ. ಬೇಡಿ ತೊಟ್ಟ ಅವರ ಚಿತ್ರ ಹಿಡಿದು ಊರೂರು ಸುತ್ತಿದವರು ಬೆಂಬಲಿಗರು. ಹತ್ತು ವರ್ಷದ ಹಿಂದೆ 'ನೀವು ಸೋಲಿಸಬಲ್ಲಿರಿ' ಎಂದಿದ್ದ ಭಿತ್ತಿಪತ್ರದ ಜಾಗದಲ್ಲಿ ಈಗ ನಾಯಕನ ಚಿತ್ರವಿತ್ತು.

ಬೇಸರದ ಪ್ರಸಂಗಗಳು ಆಮೇಲೆ ಒಂದೊಂದಾಗಿ ಬಂದವು. 1979ರ ಜುಲೈಯಲ್ಲಿ ಮೊರಾರ್ಜಿ ಸರ್ಕಾರವನ್ನು ಲೋಕಸಭೆಯಲ್ಲಿ ಬಲವಾಗಿ ಸಮರ್ಥಿಸಿದ ಜಾರ್ಜ್ ಕೆಲವೇ ದಿನಗಳಲ್ಲಿ ಅದನ್ನು ತೊರೆದರು. 1984ರಲ್ಲಿ ಬೆಂಗಳೂರು ಉತ್ತರದಿಂದ ನಿಂತು ಸಿ.ಕೆ. ಜಾಫರ್ ಷರೀಫರೆದುರು ಸೋತರು. 1994ರಲ್ಲಿ ನಿತೀಶ್ ಕುಮಾರ್ ಜತೆ ಸಮತಾ ಪಕ್ಷ ಕಟ್ಟಿ, 1996ರಲ್ಲಿ ಭಾರತೀಯ ಜನತಾ ಪಕ್ಷದ ಜತೆ ಕೈಜೋಡಿಸಿದರು. ಅಣುಬಾಂಬಿನ ವಿರೋಧಿಯಾಗಿದ್ದವರು 1998ರ ಪೋಖರಣ್ ಪರೀಕ್ಷೆಯ ಹೊತ್ತಿಗೆ ರಕ್ಷಣಾ ಮಂತ್ರಿ. 2002ರ ಗುಜರಾತ್ ಹಿಂಸಾಚಾರದ ಚರ್ಚೆಯಲ್ಲಿ ಸರ್ಕಾರದ ಪರವಾಗಿ ಆಡಿದ ಮಾತುಗಳು ಹಳೆಯ ಸಂಗಾತಿಗಳಲ್ಲಿ ಅನೇಕರನ್ನು ದೂರ ಮಾಡಿದವು. ಕಾಂಗ್ರೆಸ್ ವಿರೋಧವೇ ಲೋಹಿಯಾ ಹಾಕಿಕೊಟ್ಟ ದಾರಿಯಲ್ಲವೇ ಎಂದು ಸಮರ್ಥಿಸಿದವರೂ ಇದ್ದರು. ಅದೇ ಜಾರ್ಜ್ ಮಂತ್ರಿಯಾಗಿದ್ದಾಗಲೂ ದೆಹಲಿಯ ತಮ್ಮ ಸರ್ಕಾರಿ ಬಂಗಲೆಯಲ್ಲಿ ಬರ್ಮಾದ ಪ್ರಜಾಪ್ರಭುತ್ವವಾದಿ ವಿದ್ಯಾರ್ಥಿಗಳಿಗೆ ಆಶ್ರಯ ಕೊಟ್ಟಿದ್ದರು. 2019ರ ಜನವರಿ 29ರಂದು ಅವರು ನಿಧನರಾದಾಗ ಹೊಗಳಿದವರೂ ಟೀಕಿಸಿದವರೂ ಒಬ್ಬನೇ ಮನುಷ್ಯನ ಬಗ್ಗೆ ಮಾತನಾಡುತ್ತಿದ್ದಾರೆಯೇ ಎಂದು ಅನುಮಾನ ಬರುವಂತಿತ್ತು.

ಉಳಿದದ್ದು ಏನು?

ನಾಯಕನನ್ನೇ ಗುರಿಯೆಂದುಕೊಂಡಿದ್ದ ಹಿಂಬಾಲಕರಿಗೆ ಈ ತಿರುವುಗಳು ಆಘಾತ ತಂದವು. ಕೆಲಸವನ್ನು ಹಿಡಿದುಕೊಂಡವರ ಪಾಡು ಬೇರೆ. ಜಾರ್ಜ್ ಗರಡಿಯಲ್ಲಿ ಪಳಗಿದ ಶರದ್ ರಾವ್ ಮುಂಬಯಿ ನಗರಸಭೆ ಕಾರ್ಮಿಕರ, ಆಟೋ ಚಾಲಕರ ಮುಂದಾಳಾಗಿ 2016ರಲ್ಲಿ ತೀರಿಕೊಳ್ಳುವವರೆಗೂ ಆ ಊರಿನಲ್ಲೇ ದುಡಿದರು. ಬರೋಡ ಮೊಕದ್ದಮೆಯ ಆರೋಪಿಗಳಲ್ಲೊಬ್ಬರಾದ ಡಾ. ಜಿ.ಜಿ. ಪಾರಿಖ್ ಅಧಿಕಾರದ ಹತ್ತಿರವೂ ಸುಳಿಯದೆ ಸಮಾಜವಾದಿ ಕೆಲಸದಲ್ಲೇ ನೂರು ವರ್ಷ ಬಾಳಿ 2025ರ ಅಕ್ಟೋಬರ್‌ನಲ್ಲಿ ನಿಧನರಾದರು. 1974ರ ಮುಷ್ಕರದ ಬೇಡಿಕೆಗಳಲ್ಲೊಂದಾದ ಬೋನಸ್ 1979ರಲ್ಲಿ ರೈಲ್ವೆ ನೌಕರರ ಕೈಸೇರಿತು. ಸೋತ ಮುಷ್ಕರವೂ ತಡವಾಗಿ ಫಲ ಕೊಡಬಹುದು.

ಸಂಸ್ಥೆ ಕಟ್ಟಿದರೆ ಸಾಕೇ? 1968ರಲ್ಲಿ ಜಾರ್ಜ್ ಬಳಗ ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕ್ ಸ್ಥಾಪಿಸಿತು. ದೊಡ್ಡ ಬ್ಯಾಂಕುಗಳು ಬಾಗಿಲಲ್ಲೂ ನಿಲ್ಲಿಸಿಕೊಳ್ಳದ ಟ್ಯಾಕ್ಸಿ ಚಾಲಕರು ಸ್ವಂತ ಗಾಡಿ ಕೊಳ್ಳಲಿ ಎಂಬುದು ಅದರ ಹಿಂದಿನ ಆಸೆ. ಮುಂದೆ ಅದು ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕ್ ಆಯಿತು, ಕಾರ್ಮಿಕರ ಹೆಸರು ಅದರ ಫಲಕದಿಂದ ಇಳಿಯಿತು. 2025ರ ಫೆಬ್ರವರಿಯಲ್ಲಿ ಹಣ ದುರುಪಯೋಗದ ಪ್ರಕರಣ ಬಯಲಾಗಿ ರಿಸರ್ವ್ ಬ್ಯಾಂಕ್ ಅದರ ವ್ಯವಹಾರಕ್ಕೆ ತಡೆಹಾಕಿತು. ಠೇವಣಿದಾರರು ಶಾಖೆಗಳ ಮುಂದೆ ಸಾಲುಗಟ್ಟಿದರು. ಅದೇ ಆಗಸ್ಟ್‌ನಲ್ಲಿ ಅದು ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಯಿತು. ನಾಯಕನ ಮೇಲೆ ಕಣ್ಣಿಡಬೇಕಾದಂತೆ ಸಂಸ್ಥೆಯ ಮೇಲೂ ಕಣ್ಣಿಡಬೇಕು. ಕಟ್ಟಿದವರು ಎದ್ದುಹೋದ ಮೇಲೆ ಲೆಕ್ಕ ಕೇಳುವವರಿಲ್ಲದಿದ್ದರೆ ಎರಡೂ ದಾರಿ ತಪ್ಪುತ್ತವೆ.

ಇಂದು ಗೇಟ್ ಸಭೆಗಳು ಅಪರೂಪ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಬಟ್ಟೆ ಗಿರಣಿ ಮುಷ್ಕರದ ನಂತರ ಮುಂಬಯಿಯ ಗಿರಣಿಗಳೇ ಒಂದೊಂದಾಗಿ ಮುಚ್ಚಿದವು. ಊಟದ ಪೊಟ್ಟಣ ಹೊತ್ತು ಬೈಕಿನಲ್ಲಿ ಓಡುವ ಇಂದಿನ ಹುಡುಗನಿಗೆ ನಿಂತು ಮಾತು ಕೇಳಲು ಒಂದು ಗೇಟೇ ಇಲ್ಲ. ನಾಯಕರ ಮಾತು ಈಗ ಮೊಬೈಲಿನಲ್ಲಿ ಬರುತ್ತದೆ. ಮೆಚ್ಚಬಹುದು, ಹಂಚಬಹುದು. ಎದುರು ನಿಂತು 'ಕಳೆದ ತಿಂಗಳು ಹೇಳಿದ್ದು ಏನಾಯಿತು?' ಎಂದು ಕೇಳುವ ಅವಕಾಶ ಕಡಿಮೆ.

ನ್ಯೂಯಾರ್ಕಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಹೊಸ ನಾಯಕರು ಬರುತ್ತಾರೆ, ಅವರ ಹಿಂದೆ ಹುಡುಗರು ಹೋಗುತ್ತಾರೆ. ಹೋಗಲೂ ಬೇಕು. ಎಲ್ಲರೂ ಮನೆಯಲ್ಲೇ ಕೂತಿದ್ದರೆ 1967ರಲ್ಲಿ ಪಾಟೀಲರು ಸೋಲುತ್ತಿರಲಿಲ್ಲ, 1977ರಲ್ಲಿ ತುರ್ತುಪರಿಸ್ಥಿತಿಯೂ ಅಷ್ಟು ಬೇಗ ಕೊನೆಗಾಣುತ್ತಿರಲಿಲ್ಲ. ಆದರೆ ಹೊರಡುವ ಮುನ್ನ, ಈ ನಾಯಕ ನಮಗೆ ಮಾಡಲು ಏನು ಕೆಲಸ ಕೊಡುತ್ತಾನೆ, ನಮ್ಮ ಪ್ರಶ್ನೆಗೆ ಎಲ್ಲಿ ನಿಂತು ಉತ್ತರ ಹೇಳುತ್ತಾನೆ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಜಾರ್ಜ್ ಬೆನ್ನಿಗೆ ನಿಂತ ಹುಡುಗರಲ್ಲಿ ಈ ಎರಡು ಪ್ರಶ್ನೆಗಳನ್ನು ಬಿಡದೆ ಕೇಳುತ್ತ ಬಂದವರು, ನಾಯಕ ದೂರವಾದ ಮೇಲೂ ತಮ್ಮ ಕೆಲಸ ಬಿಡಲಿಲ್ಲ.